ಬಲಮಗ್ಗುಲಿನ ಫೋಟೊ

ಹೊರಮಾವು
8-1-2002

ಶ್ರೀ ಭೀಮಾಶಂಕರ ಅವರಿಗೆ,

ಉಮಾಶ್ರೀ ಬರೆಯುವುದು. ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದು ಪದ್ಧತಿ. ಆದರೆ ಕಾಗದದ ಜೊತೆ ಕೋಟು ಹಾಕಿಕೊಂಡ ನಿಮ್ಮದೇ ಫೋಟೊ ಕಳಿಸಿದ್ದೀರಿ. ಕೇಳುವ ಅಗತ್ಯ ಬೀಳಲಿಲ್ಲ.

ನಾನು ಮನೆ ಬಿಟ್ಟು ಒಂದೂವರೆ ವರ್ಷವಾದ ಮೇಲೆ ನೀವು ಬರೆದ ಮೊದಲ ಕಾಗದ ಇದು. ಹೆಂಡತಿ ಇದ್ದಾಳೋ ಸತ್ತಳೋ ಎಂದು ವಿಚಾರಿಸಲು ಬರೆದಿದ್ದೀರಿ ಎಂದುಕೊಂಡೆ. ಎರಡನೆಯ ಸಾಲಿಗೇ ಗಿಳಿ ಬಂತು. ಸಂಕ್ರಾಂತಿಯ ದಿನ ಕೆರೆಯ ಆಚೆ ಹೊಸ ಅಪಾರ್ಟ್‌ಮೆಂಟಿನ ಪ್ರವೇಶವಂತೆ. ದೊಡ್ಡವರೊಬ್ಬರು ಬರುತ್ತಾರಂತೆ. ಅವರ ಕೈಯಿಂದ ಗಿಳಿಗಳನ್ನು ಆಕಾಶಕ್ಕೆ ಬಿಡಿಸಿ ಫೋಟೊ ತೆಗೆಯುವ ಕೆಲಸ ನಿಮ್ಮದಂತೆ. ಅದಕ್ಕಾಗಿ ಈಗ ನಾನಿರುವ ಅಮೃತಮ್ಮನವರ ಮನೆಯ ಅಂಗಳದಲ್ಲಿರುವ ಏಳು ಗಿಳಿಗಳನ್ನು ನಾನು ಬುಟ್ಟಿಗೆ ಹಾಕಿ ಕೊಡಬೇಕು. ಅಮೃತಮ್ಮ ಹಬ್ಬಕ್ಕೆ ತಂಗಿಯ ಮನೆಗೆ ಹೋಗುವುದು, ಬೀಗದ ಕೈ ನನ್ನ ಹತ್ತಿರ ಇರುವುದು, ಎಲ್ಲವನ್ನೂ ವಿಚಾರಿಸಿಕೊಂಡಿದ್ದೀರಿ. ಕೊಟ್ಟರೆ ನಾನು ಶಿವಾಜಿನಗರಕ್ಕೆ ಬಂದು ನಿಮ್ಮ ಜೊತೆ ಇರಬಹುದು ಎಂದು ಕೊನೆಯಲ್ಲಿ ಸೇರಿಸಿದ್ದೀರಿ, ಸೊಪ್ಪಿನವಳು ಮೇಲೊಂದು ಕಡ್ಡಿ ಕೊತ್ತಂಬರಿ ಕೊಸರು ಹಾಕುವ ಹಾಗೆ.

ಕೊಡುವುದಿಲ್ಲ.

ಎದುರಿಗೆ ನಿಂತಿದ್ದರೆ ಈ ಒಂದು ಮಾತೂ ನನ್ನ ಬಾಯಿಂದ ಬರುತ್ತಿರಲಿಲ್ಲ. ನಿಮಗೆ ಅದು ಗೊತ್ತು. ನಿಮ್ಮ ಸ್ಟುಡಿಯೊಕ್ಕೆ ಯಾರಾದರೂ ಬಂದರೆ ನಾನು ಪರದೆಯ ಹಿಂದೆ ಹೋಗುತ್ತಿದ್ದೆ. ನೀವು ಗಿರಾಕಿಗಳಿಗೆ "ನಾಲ್ಕನೇ ಇಯತ್ತೆ ಕಲ್ತಾಕಿ ರೀ, ಮಂದಿ ಕಂಡ್ರ ಅಂಜತಾಳ" ಎಂದು ನಗುತ್ತಿದ್ದಿರಿ. ನಾಲ್ಕನೇ ಇಯತ್ತೆಯವರಿಗೂ ಕಾಗದ ಬರೆಯಲು ಬರುತ್ತದೆ.

ಆ ಏಳು ಗಿಳಿಗಳು ಯಾವುವು ಎಂದು ನಿಮಗೆ ಗೊತ್ತಿಲ್ಲ. ಹೇಳುತ್ತೇನೆ. ರಾಜ್ಯೋತ್ಸವದ ದಿನ ಇಂದಿರಾನಗರದ ಮೈದಾನವೊಂದರಲ್ಲಿ ನೀವು ಒಂಬತ್ತು ಗಿಳಿ ಹಾರಿಬಿಡಿಸಿದಿರಿ. ಅದರ ಫೋಟೊವನ್ನೂ ಕಳಿಸಿದ್ದೀರಿ, ನೋಡು ಎಷ್ಟು ಛಂದ ಹಾರ್‍ಯಾವ ಎಂದು ಹಿಂದೆ ಬರೆದು. ಬಿಳಿ ಷರ್ಟಿನ ಎರಡು ಕೈ, ಮೇಲೆ ಹಸಿರು ರೆಕ್ಕೆಗಳು, ಅದರ ಮೇಲೆ ಆಕಾಶ. ನೀವು ಗುಂಡಿ ಒತ್ತುವಷ್ಟು ಹೊತ್ತು ಅವು ಮೇಲಿದ್ದವು. ಆಮೇಲೆ ನೀವು ರೀಲು ತೊಳೆಸಲು ಓಡಿದಿರಿ. ಗಿಳಿಗಳು ಕೆಳಗೆ ಬಂದವು.

ಅವುಗಳನ್ನು ಹೆಕ್ಕಿದ್ದು ನಾನು ಮತ್ತು ಅಕ್ತರ್. ಅಕ್ತರ್ ಆಟೊ ಓಡಿಸುತ್ತಾನೆ, ಗಾಯವಾದ ಹಕ್ಕಿ ಎಲ್ಲಿ ಕಂಡರೂ ಅಮೃತಮ್ಮನವರ ಮನೆಗೆ ತಂದು ಬಿಡುತ್ತಾನೆ. ಮರುದಿನ ಬೆಳಿಗ್ಗೆ ಅವನೇ ಬಂದು ಕರೆದ. ಒಂದು ಗಿಳಿ ಚರಂಡಿಯಲ್ಲಿತ್ತು. ಎರಡು ನಿಂತ ಕಾರಿನ ಕೆಳಗೆ. ಒಂದು ಅಡಿಗೆಯವರು ಎಸೆದ ಎಲೆಗಳ ರಾಶಿಯಲ್ಲಿ ಪಲಾವ್ ತಿನ್ನುತ್ತಿತ್ತು. ಇನ್ನೊಂದು ರಸ್ತೆಯ ಅಂಚಿನಲ್ಲಿ ಮುದುಕರ ಹಾಗೆ ನಡೆದು ಹೋಗುತ್ತಿತ್ತು. ಅಕ್ತರ್ ಅದರ ಪಕ್ಕದಲ್ಲೇ ಆಟೊ ನಿಧಾನ ಮಾಡಿ, "ಕಿದರ್ ಜಾನಾ ಸಾಬ್? ಮೀಟರ್ ಮೇಲೆ ಬರ್ತೀನಿ, ಹತ್ತು" ಎಂದ. ನಾನು ನಕ್ಕೆ. ಆಮೇಲೆ ಇಬ್ಬರೂ ನಗಲಿಲ್ಲ. ಇನ್ನೆರಡನ್ನು ಅದರ ಮರುದಿನ ಹೂವಿನ ಕುಂಡಗಳ ನಡುವೆ ಹುಡುಕಿ ತಂದೆವು. ಒಟ್ಟು ಏಳು ಸಿಕ್ಕವು. ಮಿಕ್ಕ ಎರಡರ ಗರಿ ಮಾತ್ರ ಸಿಕ್ಕಿತು, ನಾಯಿಗಳು ಮಲಗುವ ಕಡೆ.

ಅಮೃತಮ್ಮ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಿಮ್ಮ ಹಾಗಲ್ಲ, ಗಾಯ ಇರುವ ಕಡೆಯನ್ನೇ ಮೊದಲು ನೋಡುತ್ತಾರೆ. ಒಂದೊಂದನ್ನೇ ಟವೆಲಿನಲ್ಲಿ ಹಿಡಿದು ರೆಕ್ಕೆ ಬಿಡಿಸಿದರು. ಏಳಕ್ಕೂ ಬಲಗಡೆಯ ರೆಕ್ಕೆ ಪೂರ್ತಿ ಇತ್ತು. ಎಡಗಡೆಯದು ಮಾತ್ರ ಕತ್ತರಿಸಿತ್ತು, ತುದಿಯ ಎರಡು ಗರಿ ಬಿಟ್ಟು, ಸ್ವಲ್ಪ ಓರೆಯಾಗಿ. "ಯಾವನೋ ಭಾರಿ ಬುದ್ಧಿವಂತ ಕಣೇ ಇವನು, ಮಡಚಿದ್ರೆ ಗೊತ್ತೇ ಆಗಲ್ಲ ನೋಡು" ಎಂದರು ಅಮೃತಮ್ಮ. ನಾನು ನೋಡಿದೆ. ಆ ಬುದ್ಧಿವಂತ ಯಾರು ಎಂದು ಅವರಿಗೆ ಹೇಳಲಿಲ್ಲ. ನಾಚಿಕೆಯಾಯಿತು, ನಿಮ್ಮ ಹೆಂಡತಿ ಅನ್ನಿಸಿಕೊಳ್ಳಲು.

ಯಾಕೆಂದರೆ ನಮ್ಮ ಸಕ್ರಿಗೆ ನೀವು ಹಾಗೆಯೇ ಕತ್ತರಿಸಿದ್ದಿರಿ. ಮಕ್ಕಳ ಭುಜದ ಮೇಲೆ ಕೂರಿಸಿ ಫೋಟೊ ತೆಗೆಯಲು ಸ್ಟುಡಿಯೊದಲ್ಲಿ ಸಾಕಿದ್ದ ಗಿಳಿ. ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕತ್ತರಿಯನ್ನೇ ತಂದಿರಿ. ಸಕ್ರಿಯನ್ನು ಟವೆಲಿನಲ್ಲಿ ಹಿಡಿದುಕೊಂಡವಳು ನಾನು. "ಒಂದ ಕಡಿ ಕತ್ತರಿಸಿದ್ರ ಸಾಕು, ಡೊಂಕಾಗಿ ಬೀಳ್ತದ. ಇನ್ನೊಂದ ಕಡಿ ಫೋಟೊಕ್ಕ ಇರ್ಲಿ. ತುದಿ ಎರಡು ಗರಿ ಬಿಟ್ರ ಯಾವ ಮಗನಿಗೂ ಗೊತ್ತಾಗಂಗಿಲ್ಲ" ಎಂದಿರಿ. ಜಗತ್ತಿನಲ್ಲಿ ಯಾರಿಗೂ ಹೊಳೆಯದ್ದು ನಿಮಗೆ ಹೊಳೆದಿತ್ತು. ನಾನೂ ಅಂದು ಮೆಚ್ಚಿಕೊಂಡೆ ಎಂದು ಹೇಳಬೇಕಾಗುತ್ತದೆ. ಮದುವೆಯಾಗಿ ಮೂರು ತಿಂಗಳಾಗಿತ್ತು, ನೀವು ಏನು ಮಾಡಿದರೂ ಮೆಚ್ಚುತ್ತಿದ್ದೆ.

ಈಗ ಹಕ್ಕಿ ಮಾರುವವರೆಲ್ಲ ನಿಮ್ಮ ಹತ್ತಿರವೇ ಬಂದು ರೆಕ್ಕೆ ಕತ್ತರಿಸಿಕೊಂಡು ಹೋಗುತ್ತಾರಂತೆ, ಅಕ್ತರ್ ವಿಚಾರಿಸಿಕೊಂಡು ಬಂದ. ಕತ್ತರಿಸುವುದೂ ನೀವೇ, ಬಿಡುಗಡೆ ಮಾಡಿಸುವುದೂ ನೀವೇ. ಮಧ್ಯೆ ಕೋಟು ಹಾಕಿಕೊಂಡು ನಿಲ್ಲುವುದೂ ನೀವೇ.

ಕಾಗದದ ಜೊತೆ ಏಳು ಫೋಟೊ ಇಟ್ಟಿದ್ದೇನೆ. ನಿಮ್ಮ ಹಳೆಯ ಕ್ಯಾಮೆರಾ ಹೋದಾಗ ಅಂಗಡಿಗೆ ಬಂದವರ ಮೇಲೆಲ್ಲ ಅನುಮಾನಪಟ್ಟಿರಂತೆ. ಅದು ನನ್ನ ಹತ್ತಿರ ಇದೆ, ಮನೆ ಬಿಡುವಾಗ ತಂದೆ. ಪ್ರತಿ ತಿಂಗಳ ಮೊದಲ ದಿನ ಅಮೃತಮ್ಮ ಸುಣ್ಣದ ಗೋಡೆಯ ಮುಂದೆ ಒಂದೊಂದೇ ಗಿಳಿಯ ಎಡ ರೆಕ್ಕೆ ಬಿಡಿಸಿ ಹಿಡಿಯುತ್ತಾರೆ, ನಾನು ತೆಗೆಯುತ್ತೇನೆ. ಹಿಂದಿನ ತಿಂಗಳಿನ ಫೋಟೊ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ. ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಅದು ಬುಡದಿಂದ ಉದುರಿ ಹೊಸದು ಬರಬೇಕು. ಅದಕ್ಕೆ ಮಳೆಗಾಲ ಮುಗಿಯಬೇಕು. ಆಮೇಲೂ ದೊಡ್ಡ ಬಲೆಯೊಳಗೆ ತಿಂಗಳುಗಟ್ಟಲೆ ಹಾರಿ ಕಲಿಯಬೇಕು. ಅಲ್ಲಿಯವರೆಗೆ ಸೀಬೆಕಾಯಿ ಹೆಚ್ಚಿಕೊಟ್ಟು, ಹಸಿಮೆಣಸಿನಕಾಯಿ ಕೊಟ್ಟು, ಬೆಳಗಿನ ಬಿಸಿಲಿಗೆ ಇಟ್ಟು, ಕಚ್ಚಿಸಿಕೊಳ್ಳುತ್ತಾ ಇರುವುದು ನನ್ನ ಕೆಲಸ. ಈ ಫೋಟೊಗಳನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಬೆಳಕೂ ಸರಿಯಿಲ್ಲ, ಒಂದರಲ್ಲಿ ಅಮೃತಮ್ಮನವರ ಹೆಬ್ಬೆರಳು ಬಂದಿದೆ. ಆದರೆ ಕತ್ತರಿ ಬಿದ್ದ ಕಡೆ ಸ್ಪಷ್ಟವಾಗಿದೆ. ನಿಮ್ಮ ಕೈಬರಹ ನಿಮಗೆ ಗುರುತು ಸಿಗಬಹುದು.

ಕತ್ತರಿಸಿದ ಗಿಳಿ ಹಾರುವುದಿಲ್ಲ ಎಂದು ನಾನು ಹೇಳುತ್ತೇನೆಂದು ಮೊದಲೇ ತಿಳಿದು ನೀವು ಸಕ್ರಿಯ ಹೆಸರು ಎತ್ತಿದ್ದೀರಿ. "ಸಕ್ರಿ ಕತ್ತರಿಸಿದ ರೆಕ್ಕೆಯಲ್ಲೇ ಮಾಳಿಗೆಯಿಂದ ಹಾರಿ ಹೋಗಲಿಲ್ಲವೇ? ನೀನೇ ಕಣ್ಣಾರೆ ನೋಡಿ ನನಗೆ ಹೇಳಿದವಳು. ಅಂದಿನಿಂದಲೇ ನನಗೆ ಈ ವಿಚಾರ ಬಂದದ್ದು" ಎಂದು ಬರೆದಿದ್ದೀರಿ. ಅದಕ್ಕೆ ಇಲ್ಲಿ ಉತ್ತರ ಬರೆಯುವುದಿಲ್ಲ. ಸಕ್ರಿ ಹೋದ ಮರುದಿನವೇ ನೀವು ಇನ್ನೊಂದು ಗಿಳಿ ತಂದು, ಅದನ್ನೂ ಸಕ್ರಿ ಎಂದೇ ಕರೆದು, ಟವೆಲು ನನ್ನ ಕೈಗೆ ಕೊಟ್ಟಿರಿ. ನಾನು ಟವೆಲನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಬಂದೆ. ನಾನು ತರಕಾರಿಗೆ ಹೋದೆನೆಂದು ತಿಳಿದು ನೀವು ಎರಡು ದಿನ ಹುಡುಕಲಿಲ್ಲವಂತೆ.

ನಿಮ್ಮ ಕಾಗದವನ್ನು ಅಮೃತಮ್ಮನವರಿಗೆ ತೋರಿಸಿದೆ. ಯಾರ ಕತ್ತರಿ ಎಂದೂ ಈಗ ಹೇಳಿದೆ. ಅವರು ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ "ಬರ್ಲಿ ಬಿಡು ನಿನ್ ಗಂಡ. ಎಳ್ಳು ಬೆಲ್ಲ ಇಲ್ಲೇ ಕೊಡೋಣ" ಎಂದರು. ತಂಗಿಯ ಮನೆಗೆ ಹೋಗುವುದಿಲ್ಲ. ಬೀಗದ ಕೈ ಅವರ ಸೊಂಟದಲ್ಲಿದೆ. ಬರುವುದಾದರೆ ಕೋಟು ಹಾಕಿಕೊಂಡು ಬನ್ನಿ, ನನ್ನ ಕ್ಯಾಮೆರಾದಲ್ಲಿ ರೀಲು ಇದೆ.

ಇನ್ನೊಂದು. ಸಕ್ರಿಯನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಮುಖ ತಿರುಗಿಸಿರುವ ನನ್ನ ಫೋಟೊ ನಿಮ್ಮ ಅಂಗಡಿಯ ಗಾಜಿನಲ್ಲಿ ಇನ್ನೂ ಇದೆಯಂತೆ. ತೆಗೆದುಬಿಡಿ.

ಇಷ್ಟೇ.

ಉಮಾಶ್ರೀ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ನಾವು ಕೊಡದಿದ್ದರೆ ನೀವು ಬೇರೆ ಕಡೆಯಿಂದ ಗಿಳಿ ತರುತ್ತೀರಿ, ಸಕ್ರಿಯ ಕಥೆ ಹೇಳಿಯೇ ಅವನ್ನೂ ಎಸೆಸುತ್ತೀರಿ. ಆದ್ದರಿಂದ ಬರೆಯಬೇಕಾಯಿತು. ಸಕ್ರಿ ಹಾರಲಿಲ್ಲ. ಅದು ತಪ್ಪಿಸಿಕೊಂಡು ಹೋಗಲೂ ಇಲ್ಲ, ನಾನೇ ಮಾಳಿಗೆಗೆ ಒಯ್ದು ಬಿಟ್ಟೆ. ವರ್ಷ ತುಂಬಿತಲ್ಲ, ಗರಿ ಬಂದಿರಬೇಕು ಎಂದುಕೊಂಡೆ. ರೆಕ್ಕೆ ಬಿಡಿಸಿ ನೋಡಲಿಲ್ಲ. ನಿಮ್ಮ ಜೊತೆ ಇದ್ದೂ ಇದ್ದೂ ನಾನೂ ಬಲಮಗ್ಗುಲಿನಿಂದಲೇ ನೋಡಿದ್ದೆ. ಅದು ಡೊಂಕಾಗಿ ಕೆಳಗಿನ ತಗಡಿನ ಮೇಲೆ ಬಿತ್ತು, ಜಾರಿತು, ಬೆಕ್ಕು ಅಲ್ಲೇ ಕಾಯುತ್ತಿತ್ತು. ಇಳಿದು ಓಡುವಷ್ಟರಲ್ಲಿ ಒಂದು ರೆಕ್ಕೆ ಮಾತ್ರ ಉಳಿದಿತ್ತು. ಬಲಗಡೆಯದು. ಒಂದು ಗರಿಯೂ ಮುರಿದಿರಲಿಲ್ಲ. ಮೇಲೆ ಬಂದು ನಿಮಗೆ, ಹಾರಿಹೋಯಿತು ಎಂದೆ. ನೀವು ನಂಬಿದಿರಿ. ನನ್ನ ಮಾತನ್ನು ನೀವು ನಂಬಿದ್ದು ಅದೊಂದೇ ಸಲ.