ಬೀಗದ ಕೈಯ ಇನ್ನರ್ಧ

ರೀ,

ಫೋನಿನಲ್ಲಿ ಹೇಳಿದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ನಿಮಗೆ ಬುದ್ಧಿ ಇದೆಯೇನ್ರೀ? ವರ್ಷವಿಡೀ ತಲೆ ಚಚ್ಚಿಕೊಂಡು ನಾನು ಕ್ಲೌಡ್‌ನಲ್ಲಿ ಕೂರಿಸಿದ ವ್ಯವಸ್ಥೆಗೆ ಇರುವುದು ಒಂದೇ ನೇಮ: ಜಾಹೀರಾತು ನೋಡಿ ಎಷ್ಟು ಜನ ಬಂದರು ಎಂದು ಹೇಳಬೇಕು, ಯಾರು ಬಂದರು ಎಂದು ಹೇಳಬಾರದು. ಅದಕ್ಕೆಂದೇ ಆ ಹೆಸರುಗಳನ್ನು ತೆರೆಯುವ ಗುಪ್ತಸಂಖ್ಯೆಯನ್ನು, ಅಂದರೆ ಬೀಗದ ಕೈಯನ್ನು, ಎರಡು ತುಂಡು ಮಾಡಿ, ಒಂದನ್ನು ನಮ್ಮ ಕಂಪನಿಗೂ ಇನ್ನೊಂದನ್ನು ತಪಾಸಣೆ ಮಾಡುವ ನಿಮ್ಮ ಕಂಪನಿಗೂ ಕೊಟ್ಟದ್ದು. ಎರಡೂ ಸೇರಬೇಕಾದದ್ದು ಯಾರೂ ಇಣುಕಲಾಗದ ಮುಚ್ಚಿದ ಯಂತ್ರದೊಳಗೆ ಮಾತ್ರ. ಎರಡು ತುಂಡುಗಳನ್ನೂ ಕಾಯುವವರು ಗಂಡ ಹೆಂಡತಿಯೇ ಎಂದು ತಿಳಿದಾಗ ನಮ್ಮ ಸಾಹೇಬರು ಹುಬ್ಬೇರಿಸಿದ್ದರು. "ಸಾರ್, ನಮ್ಮನೇಲಿ ಟೀವಿ ರಿಮೋಟನ್ನೇ ಒಬ್ರಿಗೊಬ್ರು ಕೊಡಲ್ಲ" ಎಂದು ನಗಿಸಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಅವರೆದುರು ನಿಲ್ಲಲಿ?

ತರಬೇತಿಗೆಂದು ಹೋದ ನೀವು ನಿಮ್ಮ ಅರ್ಧವನ್ನು ನನ್ನ ಫೋನಿಗೆ ಕಳಿಸಿದಿರಿ, ತರಕಾರಿ ಚೀಟಿ ಕಳಿಸಿದ ಹಾಗೆ! ಕುಡಿತ ಬಿಡಿಸುವ ಆ ಕೇಂದ್ರದ ಜಾಹೀರಾತಿನ ಲೆಕ್ಕ ಪರೀಕ್ಷೆಗೆಂದು ಆಗಲೇ ನಮ್ಮ ಯಂತ್ರದಲ್ಲಿದೆ ಎಂದು ನಿಮಗೆ ಗೊತ್ತಿತ್ತಲ್ಲ. ಜೊತೆಗೆ ನಿಮ್ಮದೊಂದು ಸಾಲು ಬೇರೆ: "ತಮ್ಮ ಅಲ್ಲಿಗೆ ಹೋಗಿದ್ನಾ ಇಲ್ವಾ, ಒಂದ್ಸಲ ನೋಡ್ಬಿಡು. ನಿನ್ನ ಬಿಟ್ರೆ ಯಾರನ್ನ ನಂಬಲಿ?" ಅಯ್ಯೋ, ನಂಬಬೇಡಿ ಮಾರಾಯರೇ! ಯಾರೂ ಯಾರನ್ನೂ ನಂಬಬೇಕಾಗಿ ಬರಬಾರದು ಎಂದೇ ಅದನ್ನು ಕಟ್ಟಿದ್ದು.

ಸುಳ್ಳು ಹೇಳಲಾರೆ, ಕೈ ತುರಿಸಿತು. ಮೈದುನ ಕುಡಿದು ಬಿದ್ದಾಗಲೆಲ್ಲ ಹೆಗಲು ಕೊಟ್ಟು ಮೆಟ್ಟಿಲು ಹತ್ತಿಸಿದವಳು ನಾನು, ನನಗೂ ತಿಳಿಯಬೇಕಿತ್ತು. ಆದರೆ ಅವನ ಹೆಸರಿಗಾಗಿ ತೆರೆದರೆ, ಅವನ ಹಾಗೆ ಕದ್ದುಮುಚ್ಚಿ ಬಾಗಿಲು ತಟ್ಟಿದ ಎಷ್ಟೋ ಜನರ ಹೆಸರು ನನ್ನ ಕಣ್ಣಿಗೆ ಬೀಳುತ್ತದೆ. ನೋಡಲಿಲ್ಲ. ಸಾಹೇಬರಿಗೆ ಎಲ್ಲವನ್ನೂ ಹೇಳಿ ಎರಡೂ ತುಂಡುಗಳನ್ನು ರದ್ದು ಮಾಡಿಸಿದೆ. ವ್ಯವಸ್ಥೆಯನ್ನು ಅಧಿಕೃತವಾಗಿ ಶುರು ಮಾಡುವ ದಿನ ಮುಂದೆ ಹೋಯಿತು, ಅವರ ಕೂಗಾಟ ಇಡೀ ಮಹಡಿಗೆ ಕೇಳಿಸಿತು. ನಿಮ್ಮ ಕಂಪನಿಗೂ ಪತ್ರ ಹೋಗಿದೆ. ನಿಮ್ಮ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.

ಇವತ್ತು ಸಂಜೆ ನಿಮ್ಮ ತಮ್ಮ ಬಂದಿದ್ದ. ಕುಡಿತದ ವಾಸನೆ ಇರಲಿಲ್ಲ. ನಾನೇನೂ ಕೇಳಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಅತ್ತಿಗೆ, ಅಣ್ಣ ನನ್ನತ್ರ ಮಾತಾಡಿ ಎಷ್ಟು ತಿಂಗಳಾಯ್ತು?" ಎಂದ.

ಅವನ ನಂಬರು ನಿಮ್ಮ ಹತ್ತಿರ ಇದೆಯಲ್ಲ. ಅವನನ್ನೇ ಕೇಳಿ, ರೀ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನೂರು ಕಾಲ ಚೆನ್ನಾಗಿರಿ.

ಸಿಟ್ಟು ಇಳಿಯದ,
ನಿಮ್ಮವಳು