ಒಳಗೆ ಬಿಟ್ಟ ಬಟ್ಟೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟಿಗೆ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆದಿಲ್ಲ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದೆ ಓದು. ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಇಬ್ಬರೂ ನಕ್ಕೆವು. ನಿನ್ನ ಭಾವ, 'ಇನ್ನು ಗುಂಡೀನೆಲ್ಲಾ ಕಚ್ಚಿ ಕೀಳುತ್ತೆ, ಅದರ ಅಂಗಿಗೆ ಲಾಡಿ ಹಾಕಿ ಕಳಿಸ್ತೀನಿ' ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅತ್ತರೆ ಪಕ್ಕದಲ್ಲಿರುವ ಇವರಿಗೂ ಕೇಳಿಸುತ್ತದೆ. ನಿನ್ನ ಭಾವನ ಕುತ್ತಿಗೆಯ ಪಕ್ಕ ಒಂದು ಗಂಟು ಎದ್ದಿದೆ. ಅಂಗಿಯ ಗುಂಡಿಯಷ್ಟಿದ್ದದ್ದು ಈಗ ಕೋಟಿನ ಗುಂಡಿಯಷ್ಟಾಗಿದೆ. ನೋವಿಲ್ಲ. ನೋವಿಲ್ಲದ್ದೇ ಡಾಕ್ಟರಿಗೆ ಹಿಡಿಸಲಿಲ್ಲ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಕ್ಯಾನ್ಸರೋ ಅಲ್ಲವೋ ವರದಿ ಬಂದ ಮೇಲೇ ತಿಳಿಯುವುದು. ಗುರುವಾರ ಬರಬಹುದು ಅಂದಿದ್ದಾರೆ. 'ಬರಬಹುದು' ಅನ್ನುವ ಮಾತಿನ ಬೆಲೆ ದರ್ಜಿಯ ಹೆಂಡತಿಗೆ ಚೆನ್ನಾಗಿ ಗೊತ್ತು.

ಡಾಕ್ಟರ್ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದರೆ ಇವರು ತಲೆಯಾಡಿಸುತ್ತಾ ಅವರ ಭುಜವನ್ನೇ ನೋಡುತ್ತಿದ್ದರು. ಕೊನೆಗೆ ಅವರು 'ಏನಾದ್ರೂ ಕೇಳೋದಿದೆಯಾ?' ಅಂದದ್ದಕ್ಕೆ, 'ಡಾಕ್ಟ್ರೇ, ನಿಮ್ಮ ಕೋಟಿಗೆ ಎಡತೋಳು ಯಾರು ಕೂರಿಸಿದ್ದು? ಹಿಂದಕ್ಕೆ ಎಳೀತಿದೆ' ಅಂದುಬಿಟ್ಟರು. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಆ ಮನುಷ್ಯ ಪಾಪ, ತೋಳೆತ್ತಿ ನೋಡಿಕೊಂಡು, 'ಹೌದಲ್ರೀ, ಎತ್ತಿದ್ರೆ ಹಿಡಿಯುತ್ತೆ' ಅಂತ ಅಲ್ಲೇ ಬಿಚ್ಚಿ ಕೊಟ್ಟರು. 'ಹೇಗೂ ವರದಿ ನೋಡೋಕೆ ಬರ್ತೀರಲ್ಲ, ಆಗ ತನ್ನಿ.' ಆ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ನನಗೆ ಎಷ್ಟೋ ಸಮಾಧಾನವಾಯಿತು. ಉಳಿಯದವನ ಕೈಗೆ ಯಾರಾದರೂ ಕೋಟು ಕೊಡುತ್ತಾರೆಯೇ? ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಅಂತ ನೀನು ನಗಬಹುದು, ನಗು.

ಮನೆಯಲ್ಲಿ ನಾವು ಗಂಟಿನ ಮಾತೆತ್ತುವುದಿಲ್ಲ. ಇವರು ಮಿಷನ್ ತುಳಿಯುತ್ತಾರೆ, ನಾನು ಎದುರಿಗೆ ಕೂತು ಗುಂಡಿ, ಕಾಜ, ಅಂಚು ಅಂತ ಕೈಗೆಲಸ ಮಾಡುತ್ತೇನೆ. ಧೈರ್ಯ ಹೇಳಲು ಬರುವವರನ್ನು ತಡೆದುಕೊಳ್ಳುವುದೇ ಕಷ್ಟ. ಪಕ್ಕದ ಇಸ್ತ್ರಿ ಅಂಗಡಿಯವನು, 'ಹೆದರ್ಬೇಡಿ ಅಕ್ಕಾ, ನಮ್ಮ ಚಿಕ್ಕಪ್ಪಂಗೂ ಹೀಗೇ ಆಗಿತ್ತು' ಅಂದ. 'ಈಗ ಹೇಗಿದ್ದಾರಪ್ಪಾ?' ಅಂತ ಕೇಳಿದೆ. ಅವನು ಇಸ್ತ್ರಿಪೆಟ್ಟಿಗೆಯ ಕಡೆ ನೋಡುತ್ತಾ, 'ಅದು ಬೇರೆ ಥರದ್ದು ಬಿಡಿ' ಅಂದ.

ವಿಚಿತ್ರವೆಂದರೆ ನಿನ್ನ ಭಾವ ಈಗ ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿದ್ದಾರೆ. ಜನ್ಮದಲ್ಲಿ ಇಲ್ಲದ ಅಭ್ಯಾಸ. ಶಾಲೆಯ ಮೇಷ್ಟ್ರೊಬ್ಬರು ಪ್ಯಾಂಟು ಕೇಳಲು, ಅಂದರೆ ಜಗಳವಾಡಲು, ಬಂದಿದ್ದರು. ಮಡಿಸಿಟ್ಟ ಪ್ಯಾಂಟು ಕೈಗೆ ಬಂದದ್ದೇ ಗಾಬರಿಯಾದರು. 'ಏನ್ರೀ, ಅಂಗಡಿ ಗಿಂಗಡಿ ಮುಚ್ತಿದ್ದೀರಾ?' ಇವರು ನಕ್ಕರು. ನಾನೂ ನಕ್ಕೆ. ಆ ದಿನ ಅಡುಗೆಗೆ ಎರಡು ಸಲ ಉಪ್ಪು ಬಿದ್ದಿತ್ತು, ಇಬ್ಬರೂ ತುಟಿಪಿಟಿಕ್ಕೆನ್ನದೆ ಉಂಡು ಎದ್ದೆವು.

ಇನ್ನೊಂದು ಆಶ್ಚರ್ಯ ಕೇಳು. ನೀನು ಕೊಟ್ಟ ಬೂದುಬಣ್ಣದ ಉಣ್ಣೆಬಟ್ಟೆ ಕಪಾಟಿನಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತಲ್ಲ, ಅದರಲ್ಲಿ ನನಗೆ ಕೋಟು ಹೊಲಿದಿದ್ದಾರೆ. ನಾನು ಕೇಳಿರಲಿಲ್ಲ. ಎಲ್ಲರದ್ದೂ ಮುಗಿದ ಮೇಲೆ ದರ್ಜಿಯ ಹೆಂಡತಿಯದು, ಎಲ್ಲರದ್ದೂ ಮುಗಿಯುವುದೇ ಇಲ್ಲ. ಅಳತೆ ಕೂಡ ತೆಗೆಯಲಿಲ್ಲ, ಕಣ್ಣಲ್ಲೇ ಇದೆಯಂತೆ. ಹಳೆಯ ಕೋಟು ಬಿಗಿಯಾದಾಗ ನೀನೇ ಇವರನ್ನು ರೇಗಿಸಿದ್ದೆ, ನೆನಪಿದೆಯಾ? 'ಗಿರಾಕಿಗಳಿಗೆಲ್ಲ ಪಕ್ಕದ ಹೊಲಿಗೆ ಒಳಗೆ ಬಟ್ಟೆ ಬಿಡ್ತೀರಿ, ದಪ್ಪ ಆದ್ರೆ ಬಿಚ್ಚಿ ಸಡಿಲ ಮಾಡ್ಕೊಳ್ಳೋಕೆ. ಅಕ್ಕಂಗೆ ಮಾತ್ರ ಯಾಕೆ ಬಿಡಲ್ಲ ಭಾವ?' ಅಂತ. 'ನಿಮ್ಮಕ್ಕಂಗ್ಯಾಕಮ್ಮಾ? ಬಿಗಿಯಾದ್ರೆ ಹೊಸದು ಹೊಲಿದ್ಕೊಡ್ತೀನಿ. ನಾನೇನು ಊರು ಬಿಟ್ಟು ಹೋಗ್ತೀನಾ?' ಅಂದಿದ್ದರು. ಈ ಕೋಟು ಹೇಳಿ ಮಾಡಿಸಿದ ಹಾಗೆ ಕೂತಿದೆ. ಅಸ್ತರಿನ ಕೆಳಗಿನ ಅಂಚೊಂದನ್ನು ನನ್ನ ಕೈಹೊಲಿಗೆಗೆ ಬಿಟ್ಟಿದ್ದಾರೆ.

ಈ ಪತ್ರ ಕಂಡು ಗಂಟುಮೂಟೆ ಕಟ್ಟಿಕೊಂಡು ಹೊರಟುಬರಬೇಡ. ನೀನು ಅಷ್ಟು ದೂರದಿಂದ ಬಂದರೆ ಇವರು ತಮ್ಮದು ಮುಗಿಯಿತು ಅಂದುಕೊಳ್ಳುತ್ತಾರೆ. ಗುರುವಾರ ನಾನೇ ಫೋನ್ ಮಾಡುತ್ತೇನೆ. ಮಗುವಿನ ಹಲ್ಲೆಲ್ಲ ಗಟ್ಟಿಯಾಗಿ ಬರಲಿ, ನಿನಗೂ ನಿನ್ನ ಯಜಮಾನರಿಗೂ ಒಂದಿಷ್ಟು ನಿದ್ದೆ ಸಿಗಲಿ. ಸದ್ಯಕ್ಕೆ ನನ್ನ ಹತ್ತಿರ ಇರುವ ಆಶೀರ್ವಾದ ಇಷ್ಟೇ.

ನಿನ್ನ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯುವುದು ಬೇಡ ಅಂದುಕೊಂಡಿದ್ದೆ. ಬೆಳಿಗ್ಗೆ ಅಂಚು ಹೊಲಿಯಲು ಕೋಟನ್ನು ತಿರುವಿ ಹಾಕಿದೆ. ಅಸ್ತರಿನ ಒಳಗೆ, ಎರಡು ಪಕ್ಕದ ಹೊಲಿಗೆಯಲ್ಲೂ ಎರಡೆರಡು ಬೆರಳು ಅಗಲ ಬಟ್ಟೆ ಬಿಟ್ಟಿದ್ದಾರೆ ಪುಟ್ಟಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅನ್ನುತ್ತಾರಲ್ಲ, ಇವರು ವರದಿ ಬರುವ ಮುಂಚೆಯೇ ನನ್ನನ್ನು ಬೇರೆ ಯಾವನೋ ದರ್ಜಿಗೆ ಒಪ್ಪಿಸಿ ಕೂತಿದ್ದಾರೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ಕಣ್ಣೆದುರಿಗೇ ದೊಡ್ಡ ಕತ್ತರಿ ತೆಗೆದುಕೊಂಡು ಆ ಬಟ್ಟೆಯನ್ನೆಲ್ಲ ಹೊಲಿಗೆಯ ಅಂಚಿನವರೆಗೂ ಕತ್ತರಿಸಿ ಹಾಕಿದೆ.

'ಏನೇ ಇದು! ನಾಳೆ ದಪ್ಪ ಆದ್ರೆ ಏನ್ಮಾಡ್ತೀಯ?' ಅಂದರು.

'ಹೊಸದು ಹೊಲಿದ್ಕೊಡಿ' ಅಂದೆ.

ಅವರು ಕೆಳಗೆ ಬಿದ್ದ ಪಟ್ಟಿಗಳನ್ನು ಹೆಕ್ಕಿ ಮೇಜಿನ ಮೇಲಿಟ್ಟರು. ಆಮೇಲೆ ಡಾಕ್ಟರ ಕೋಟನ್ನು ಎಳೆದುಕೊಂಡು ಸೂಜಿಗೆ ದಾರ ಪೋಣಿಸಲು ನೋಡಿದರು. ಹೋಗಲಿಲ್ಲ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ನೋಡಿದರು. ಕೊನೆಗೆ ನಾನೇ ಪೋಣಿಸಿಕೊಟ್ಟೆ.