ಕಾವು ಸೋರುವ ಕೊಳವೆ

ಚನ್ನಗಿರಿ
9 ಮಾರ್ಚ್ 2025

ಜಗಳೂರಿನ ಬಿಸಿಲಿಗೇ ಒಗ್ಗಿಹೋಗಿರುವ ನಮ್ಮ ಯಜಮಾನರಿಗೆ ಶಿವಲೀಲಾಳ ನಮಸ್ಕಾರ.

ಫೋನಿನಲ್ಲಿ ಹೇಳಲು ಹೊರಟರೆ ನನಗೆ ಅಳು ಬರುತ್ತದೆ, ನೀವು ಆಮೇಲೆ ಮಾತಾಡೋಣ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಗುರುವಾರ ನಿಮ್ಮ ಕೆಲಸದ ಜಾಗದಿಂದ ತಲೆನೋವೆಂದು ಬೇಗ ಹೊರಟೆನಲ್ಲ, ತಲೆ ನೋಯುತ್ತಿರಲಿಲ್ಲ. ನಿಮ್ಮ ದುರ್ಗಾಂಬಿಕಾ ಮೇಡಂ ಅವರನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಆ ಸೌರಶಾಖದ ಘಟಕಕ್ಕೆ ಅವರು ಬಂದಾಗಿನಿಂದ ನೀವು ಮನೆಗೆ ಬಂದರೆ ಅವರದೇ ಮಾತು. ಮೇಡಂ ಹಿಂಗಂದ್ರು, ಮೇಡಂ ಹಂಗಂದ್ರು. ನಾನೇನಾದರೂ ಕೇಳಿದರೆ ಮಾತ್ರ "ನಿಂಗೆ ಬೇಜಾರಾಗ್ತೈತೆ, ಬಿಡು" ಅನ್ನುತ್ತೀರಿ. ಅವರು ಹೇಗಿದ್ದಾರೆಂದು ನೋಡಲೇಬೇಕೆಂದು ಹೇಳದೆ ಕೇಳದೆ ಬಸ್ ಹತ್ತಿದೆ. ನಿಮಗೆಂದು ತಂದ ಹೋಳಿಗೆ ಬರೀ ನೆಪ.

ನಾನು ಬಂದಾಗ ನೀವಿಬ್ಬರೂ ಆ ಉದ್ದನೆಯ ಬಾಗು ಕನ್ನಡಿಗಳ ನಡುವೆ, ಗಾಜಿನೊಳಗಿನ ಕೊಳವೆಯನ್ನೇ ನೋಡುತ್ತ ನಿಂತಿದ್ದಿರಿ. ಐನೂರು ಡಿಗ್ರಿ ದಾಟಿಸಲು ಹೋದರೆ ಹಿಡಿದ ಕಾವೆಲ್ಲ ಕೊಳವೆಯಿಂದಲೇ ಸೋರಿಹೋಗುತ್ತದೆ ಎಂದು ನೀವು ನಿದ್ದೆಗೆಟ್ಟಿದ್ದು ನನಗೆ ಗೊತ್ತು. ಮೇಡಂ ಮೀಟರ್ ತೋರಿಸಿ ಕೂಗಿದರು: "ನೋಡ್ರಿ ಸರ್, ಏರಾಕೆ ಹತ್ತೈತೆ! ಕನ್ನಡಿ ಬೆಳಕು ಬೀಳೋದು ಕೊಳವೆ ತಳಕ್ಕೆ ಅಷ್ಟೇ. ಮೇಲ್ಗಡೆಯಿಂದ ಹೋಗೋ ಕಾವನ್ನ ಅಲ್ಲಿ ಕೂರಿಸಿರೋ ನಮ್ಮ ತಗಡು ವಾಪಸ್ ಕಳಿಸ್ತೈತೆ."

ಆಗ ನೀವು ನಕ್ಕಿರಿ. ದಾವಣಗೆರೆಯಲ್ಲಿ ನಾವಿಬ್ಬರೂ ಎಂ.ಎಸ್ಸಿ. ಓದುವಾಗ, ಪ್ರಯೋಗಾಲಯದಲ್ಲಿ ನನ್ನ ಜೊತೆ ವಾದ ಮಾಡಿ ಸೋತರೆ ಹಾಗೆ ನಗುತ್ತಿದ್ದಿರಿ. ಆ ನಗು ನನ್ನದೆಂದುಕೊಂಡಿದ್ದೆ.

ನನ್ನನ್ನು ಕಂಡು ಏನೆಂದಿರಿ? "ನಮ್ಮ ಮನೆಯವರು. ಹೋಳಿಗೆ ಚೆನ್ನಾಗಿ ಮಾಡ್ತಾರೆ." ಅಷ್ಟೇ.

ಅವರು ನಿಮ್ಮ ಪಕ್ಕ ನಿಂತದ್ದಕ್ಕೆ ಸಂಕಟವಾಯಿತು. ಆ ಕೊಳವೆಯ ಮುಂದೆ ನಿಂತದ್ದಕ್ಕೆ ಅದಕ್ಕಿಂತ ಹೆಚ್ಚು. ಬಿಸಿಲಿಗೆ ಮುಖ ಕಪ್ಪಿಟ್ಟಿದ್ದರೂ ಎಷ್ಟು ಖುಷಿಯಾಗಿದ್ದರು! ವಾಪಸ್ ಬರುವಾಗ ದಾರಿಯುದ್ದಕ್ಕೂ ನಿಮ್ಮ ಮೇಲೆ ಏನೇನೋ ಅನುಮಾನಪಟ್ಟೆ, ಅದು ಸುಲಭವಿತ್ತು. ಸಂತೇಬೆನ್ನೂರು ಬರುವ ಹೊತ್ತಿಗೆ ಸತ್ಯ ಒಪ್ಪಿಕೊಂಡೆ. ನನಗೆ ಅವರ ಕೆಲಸ ಬೇಕಾಗಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಶಿವಲೀಲಾ

ತಾ.ಕ.: ಒಂದು ವಿಷಯ ಬರೆಯಬಾರದೆಂದಿದ್ದೆ. ಅವತ್ತು ನನ್ನನ್ನು ಗೇಟಿನವರೆಗೆ ಕಳಿಸಲು ಬಂದವರು ಮೇಡಂ. ಅವರನ್ನು ಸೋಲಿಸಬೇಕೆಂದೇ ಕೇಳಿದೆ, ಆ ತಗಡು ಮೇಲಿನಿಂದ ಬೀಳುವ ಬಿಸಿಲನ್ನೂ ತಡೆಯುತ್ತದಲ್ಲ, ಕೊಳವೆ ಅಷ್ಟು ಕಾಯದಿದ್ದಾಗ ಅದರಿಂದ ನಷ್ಟವೇ ಅಲ್ಲವೇ ಎಂದು. ಅವರು ನಡೆಯುವುದನ್ನೇ ನಿಲ್ಲಿಸಿದರು. "ಅದನ್ನ ಇನ್ನೂ ಅಳೆದಿಲ್ಲ ಕಣ್ರಿ. ನೀವು ಏನು ಓದೀರಿ?" ಅಂದರು. ನಿನ್ನೆ ಫೋನ್ ಮಾಡಿ, ಅದನ್ನು ಅಳೆಯುವ ಕೆಲಸಕ್ಕೇ ಕರೆದರು. ನಿಮ್ಮನ್ನು ಕೇಳದೆ ಒಪ್ಪಿಕೊಂಡೆ. ಮುಂದಿನ ಸೋಮವಾರ ಬರುತ್ತೇನೆ. ಅವರ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅವರಿಗೆ ಹೇಳಬೇಡಿ, ಒಟ್ಟಿಗೆ ಕೆಲಸ ಮಾಡಬೇಕು.